ಟೆರೇಸಿನ ಗುಲಾಬಿ ಜೇನು

ಮೊದಲೇ ಹೇಳಿಬಿಡುತ್ತೇನೆ: ಚಿಕ್ಕಮ್ಮನ ಜೇನಿಗೆ ಗುಲಾಬಿ ಬಣ್ಣ ಬಂದದ್ದು ನನ್ನಿಂದ. ಬೇಕೆಂದು ಮಾಡಿದ್ದಲ್ಲ, ಉಪಕಾರ ಮಾಡಲು ಹೋಗಿ ಆದದ್ದು. ಬೇಕೆಂದು ಮಾಡಿದ್ದರೆ ಕಿಲಾಡಿ ಎಂಬ ಹೆಸರಾದರೂ ಸಿಗುತ್ತಿತ್ತು. ಹೀಗಾದ್ದರಿಂದ ಪೆದ್ದ ಎಂಬುದೊಂದೇ ಉಳಿಯಿತು. ಮನೆಯವರೆಲ್ಲ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಿದ್ದ ಆ ಬೇಸಗೆಯಲ್ಲಿ ಎಲ್ಲರಿಗಿಂತ ಜೋರಾಗಿ ಸಂಶಯಪಟ್ಟವನೂ ನಾನೇ. ಒಬ್ಬೊಬ್ಬರ ದನಿ, ನಡಿಗೆ, ಕೆಮ್ಮು ಅನುಕರಿಸಿ, ಇವರೇ ನೋಡಿ ಕಳ್ಳರು ಎಂದು ತೋರಿಸುತ್ತ ತಿರುಗಿದೆ. ನನ್ನ ಅನುಕರಣೆ ಮಾಡುವವರು ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಒಬ್ಬ ಮಾತ್ರ ತಪ್ಪಿಸಿಕೊಂಡ.

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ, ಎಂಐಡಿಸಿ ಎನ್ನುವ ಕಾರ್ಖಾನೆಗಳ ಬಡಾವಣೆ ಕಡೆ ಹೋಗುವ ರಸ್ತೆಯ ಬದಿಗೆ ನಮ್ಮ ಹೋಟೆಲು. ಕೆಳಗೆ ಹೋಟೆಲು, ಅದರ ಮೇಲೆ ಎದುರುಬದುರಾಗಿ ನಮ್ಮ ಮನೆ ಮತ್ತು ಚಿಕ್ಕಪ್ಪನ ಮನೆ, ಎಲ್ಲಕ್ಕಿಂತ ಮೇಲೆ ಹೌಸಿಂಗ್ ಸೊಸೈಟಿಯ ಟೆರೇಸು. ಅಪ್ಪ ಗಲ್ಲಾದಲ್ಲಿ ಕೂರುವವರು. ಚಿಕ್ಕಪ್ಪ ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ. ಅವನ ಉಗುರು ಒಂದು ವಾರ ನೀಲಿ, ಇನ್ನೊಂದು ವಾರ ಗುಲಾಬಿ. ಚಿಕ್ಕಮ್ಮ ಬ್ರಹ್ಮಾವರದ ಕಡೆಯವಳು. ಮದುವೆಯಾಗಿ ಬಂದ ಮರುವಾರವೇ ಹೋಟೆಲಿನ ಅಡುಗೆಮನೆಗೆ ಇಳಿದವಳು ಇಡ್ಲಿ ಹಿಟ್ಟು, ತೆಂಗಿನ ತುರಿ, ಚಟ್ನಿ ಎಂದು ವರ್ಷಗಟ್ಟಲೆ ಅಲ್ಲೇ ಉಳಿದಳು. ಮನೆಯವಳಾದ್ದರಿಂದ ಸಂಬಳವಿಲ್ಲ, ಮನೆಯವಳಾದ್ದರಿಂದ ರಜೆಯೂ ಇಲ್ಲ. ನಾನು ನವಿ ಮುಂಬಯಿಯ ಒಂದು ಕಾಲ್ ಸೆಂಟರಿನಲ್ಲಿ ಪರದೇಶದವರ ಜೊತೆ ಪರದೇಶದವನ ಹಾಗೆ ಮಾತಾಡಿ, ಬೆಳಗ್ಗೆ ಬಸ್ಸಿಳಿದು ಮತ್ತೆ ಡೊಂಬಿವಲಿಯವನಾಗುತ್ತಿದ್ದೆ. ರಜೆಯ ದಿನ ಕನ್ನಡ ಸಂಘಗಳ ಕಾರ್ಯಕ್ರಮಗಳಲ್ಲಿ ಮಿಮಿಕ್ರಿ. ಎಲ್ಲಿಯೂ ನನ್ನ ಸ್ವಂತ ದನಿಗೆ ಕೆಲಸವಿರಲಿಲ್ಲ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಪಕ್ಕದ ಠಾಣೆ ಪಟ್ಟಣದಲ್ಲಿ ಹೆಂಗಸರಿಗಾಗಿ ನಡೆದ ಜೇನುಸಾಕಣೆ ತರಬೇತಿಗೆ ಚಿಕ್ಕಮ್ಮ ಹೋದಳು. ಅಡುಗೆಮನೆಯಿಂದ ನಾಲ್ಕು ದಿನ ತಪ್ಪಿಸಿಕೊಳ್ಳಲು ಮಾಡಿದ ಉಪಾಯ ಎಂದು ನಾನು ಅಂದುಕೊಂಡಿದ್ದೆ. ಆದರೆ ಅವಳು ತಿರುಗಿ ಬರುವಾಗ ಟೆಂಪೋದಲ್ಲಿ ಮರದ ಪೆಟ್ಟಿಗೆಗಳು ಬಂದವು, ಪೆಟ್ಟಿಗೆಗಳೊಳಗೆ ತುಡುವೆ ಜೇನು. ಪೆಟ್ಟಿಗೆಯ ಸ್ಟ್ಯಾಂಡಿಗೆ ಇರುವೆ ಹತ್ತದಂತೆ ನಾಲ್ಕೂ ಕಾಲಿನ ಕೆಳಗೆ ನೀರು ತುಂಬಿದ ಬಟ್ಟಲಿಡಬೇಕು; ಹೋಟೆಲಿನಲ್ಲಿ ಚಪ್ಪಟೆಯಾದ ಸ್ಟೀಲ್ ಬಟ್ಟಲುಗಳಿಗೆಲ್ಲ ಆ ಭಾಗ್ಯ ಬಂತು. ಸೊಳ್ಳೆಪರದೆ ಕತ್ತರಿಸಿ ಮುಖಕ್ಕೆ ಮುಸುಕು ಹೊಲಿದುಕೊಂಡಳು. ತೆಂಗಿನ ನಾರಿಗೆ ಬೆಂಕಿ ತಾಗಿಸಿ ಹೊಗೆ ಹಾಕುತ್ತ, ಮುಚ್ಚಳ ತೆಗೆದು, ಮೇಣದ ಎರಿಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿಯುವಾಗ ಅವಳ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಕೆಳಗೆ ಅಡುಗೆಮನೆಯಲ್ಲಿ ಬಾಯಿ ಮುಚ್ಚದವಳು.

ಎಂಐಡಿಸಿಯ ವಸತಿ ಭಾಗದ ಬಂಗಲೆಗಳಲ್ಲಿ ನುಗ್ಗೆ, ನೇರಳೆ, ಹೊಂಗೆ, ತೆಂಗು ಎಲ್ಲ ಇದ್ದವು. ಹೂ ಇದ್ದಾಗ ಜೇನುನೊಣಗಳು ಮಕರಂದವನ್ನು ತಾವೇ ತಂದುಕೊಳ್ಳುತ್ತಿದ್ದವು. ಮಳೆಗಾಲದಲ್ಲಿ ಹೊರಗೆ ಹೋಗಲಾಗದೆ ಉಪವಾಸ ಬೀಳುತ್ತವೆಂದು ಚಿಕ್ಕಮ್ಮ ಸಕ್ಕರೆ ಪಾಕ ಮಾಡಿ ಪೆಟ್ಟಿಗೆಯೊಳಗೆ ಇಡುತ್ತಿದ್ದಳು. ಮಳೆ ನಿಂತು ಹೂ ಬಿಟ್ಟ ಮೇಲೆ ಒಂದು ತೊಟ್ಟೂ ಇಲ್ಲ. ಮೊದಲ ವರ್ಷ ಸಿಕ್ಕಿದ್ದು ಸ್ವಲ್ಪವೇ. ಅದರಲ್ಲಿ ಅರ್ಧ ಮನೆಯಲ್ಲೇ ದೋಸೆಯ ಜೊತೆ ಹೊಟ್ಟೆಗೆ ಹೋಯಿತು. ಉಳಿದದ್ದನ್ನು ಅಕ್ಕಪಕ್ಕದವರಿಗೆ ಮಾರಲು ಹೋದಾಗ ತಿಳಿಯಿತು, ನಮ್ಮೂರಿನಲ್ಲಿ ಜೇನು ಮಾರುವುದು ಎಷ್ಟು ಕಷ್ಟವೆಂದು. ಹಾಲಿಗೆ ನೀರು ಬೆರೆಸಿದ್ದಾರೆಂದು ಗೊತ್ತಿದ್ದೂ ಕುಡಿಯುವ ಜನ ಜೇನಿನ ವಿಷಯದಲ್ಲಿ ಮಾತ್ರ ಪತ್ತೇದಾರರಾಗುತ್ತಿದ್ದರು. ಒಬ್ಬರು ಲೋಟದ ನೀರಿಗೆ ಬಿಟ್ಟು ಅದು ಕರಗುತ್ತದೋ ತಳ ಸೇರುತ್ತದೋ ಎಂದು ಕಾದರು. ಒಬ್ಬರು ಬೆಂಕಿಕಡ್ಡಿ ಅದ್ದಿ ಗೀರಿದರು. ಮೂರನೆಯ ಮಹಡಿಯವರು ನಾಯಿಗೆ ತೋರಿಸಿದರು. ನಾಯಿ ಮೂಸಿ ಮುಖ ತಿರುಗಿಸಿದ್ದರಿಂದ ಅಸಲಿ ಎಂದು ತೀರ್ಮಾನವಾಯಿತು. ಕೆಳಗೆ ಹೋಟೆಲಿನಲ್ಲಿ ಜಾಮೂನಿನ ಪಾಕ ಕುದಿಯುವಾಗ ಮೇಲೆ ಜೇನು ಹೇಗೆ ಅಸಲಿ ಇರುತ್ತದೆ ಎಂಬ ಮಾತು ಮೆಟ್ಟಿಲಿನಲ್ಲಿ ಓಡಾಡುತ್ತಲೇ ಇತ್ತು. ಅದನ್ನು ಮೊದಲು ಹೇಳಿದವನು ನಾನಲ್ಲ. ಅದಕ್ಕೆ ಹಾವಭಾವ ಸೇರಿಸಿ ಸಂಘದ ವೇದಿಕೆಗೆ ಹತ್ತಿಸಿದ್ದು ನಾನು.

ಆ ವೇದಿಕೆಯಿಂದಲೇ ಗಿರಾಕಿಯೂ ಸಿಕ್ಕಿದರು. ಖಾರಘರದಲ್ಲಿ ಚಿಕ್ಕ ಆಯುರ್ವೇದ ಕ್ಲಿನಿಕ್ ನಡೆಸುತ್ತಿದ್ದ ಧಾರವಾಡದ ಕಡೆಯ ಡಾಕ್ಟ್ರಮ್ಮ ನನ್ನ ಮಿಮಿಕ್ರಿ ನೋಡಿ ನಗದೆ ಹಿಂದಿನಿಂದ ಬಂದು, ನಿಮ್ಮ ಚಿಕ್ಕಮ್ಮ ಖರೇನೇ ಜೇನು ಸಾಕತಾರೇನು ಎಂದು ಕೇಳಿದರು. ಔಷಧಕ್ಕೆ ಅವರಿಗೆ ಜೇನು ಬೇಕಿತ್ತು. ಅಂಗಡಿಯದರ ಮೇಲೆ ನಂಬಿಕೆಯಿಲ್ಲ. ಬೇಸಗೆಯ ಜೇನು ತೆಗೆದ ಕೂಡಲೇ ಒಂದು ಬಾಟಲಿ ತೋರಿಸಿ, ಚೆನ್ನಾಗಿದ್ದರೆ ಎಲ್ಲವನ್ನೂ ತೆಗೆದುಕೊಳ್ಳುತ್ತೇನೆ ಎಂದರು.

ಚಿಕ್ಕಮ್ಮನಿಗೆ ಇದು ಬರೀ ವ್ಯಾಪಾರವಾಗಿರಲಿಲ್ಲ. ಪೆಟ್ಟಿಗೆ ಬಂದಂದಿನಿಂದ ಅವಳು ಮಧ್ಯಾಹ್ನದ ನಂತರ ಅಡುಗೆಮನೆಗೆ ಇಳಿಯುತ್ತಿರಲಿಲ್ಲ, ಅದು ಅಪ್ಪನಿಗೆ ಸಹಿಸಲಾಗುತ್ತಿರಲಿಲ್ಲ. ಅಪ್ಪ ಎದುರಿಗೆ ಹೇಳುವವರಲ್ಲ. ತಮ್ಮನ ಮೂಲಕ ಹೇಳಿಸಿದರು. ಈ ಬೇಸಗೆಯ ಜೇನು ಮಾರಿಹೋದರೆ ಸಂತೋಷ, ಅವಳ ಪಾಡಿಗೆ ಅವಳು ಮಾಡಲಿ. ಹೋಗದಿದ್ದರೆ ಪೆಟ್ಟಿಗೆಗಳನ್ನು ಬೇರೆ ಯಾರಿಗಾದರೂ ಕೊಟ್ಟು ಮೊದಲಿನ ಹಾಗೆ ಅಡುಗೆಮನೆ ನೋಡಿಕೊಳ್ಳಲಿ. ಚಿಕ್ಕಮ್ಮ ಒಪ್ಪಿದಳು. ಒಪ್ಪುವಾಗ ಗಂಡನ ಮುಖ ನೋಡದೆ ಟೆರೇಸಿಗೆ ಹೋಗುವ ಮೆಟ್ಟಿಲು ನೋಡಿದಳು.

ಈಗ ನನ್ನ ಉಪಕಾರ.

ಆ ಮಾರ್ಚಿನಲ್ಲಿ ಅಪ್ಪ ಬೇಸಗೆಯ ಶರಬತ್ತಿಗೆಂದು ಊರಿನಿಂದ ಪುನರ್ಪುಳಿ, ಇಲ್ಲಿಯವರು ಕೋಕಂ ಎನ್ನುವ ಕೆಂಪು ಹುಳಿಹಣ್ಣು, ತರಿಸಿದ್ದರು. ಹೊಸ ಅಡುಗೆಯವನು ಪಾಕಕ್ಕೆ ಸಕ್ಕರೆಯನ್ನು ಎರಡು ಸಲ ಸುರಿದು, ಎಷ್ಟು ನೀರು ಬೆರೆಸಿದರೂ ಹಲ್ಲು ಜುಮ್ಮೆನ್ನುವಂಥದ್ದು ತಯಾರಾಯಿತು. ಗಿರಾಕಿಗಳು ಲೋಟ ಅರ್ಧಕ್ಕೆ ಬಿಟ್ಟು ಎದ್ದರು. ಕ್ಯಾನಿನಲ್ಲಿ ಉಳಿದದ್ದನ್ನು ಮೋರಿಗೆ ಸುರಿದು ಬಾ ಎಂದು ಅಪ್ಪ ನನಗೆ ಹೇಳಿದರು. ಕ್ಯಾನು ಎತ್ತಿಕೊಂಡವನಿಗೆ ಮಳೆಗಾಲದ ಸಕ್ಕರೆ ಪಾಕ ನೆನಪಾಯಿತು. ಹೋಟೆಲಿನವರ ತಲೆ ಹೇಗೆ ಓಡುತ್ತದೆ ಎಂದರೆ, ಬಾಗಿಲಿಗೆ ಯಾರೇ ಬಂದರೂ ಮೊದಲು ಎದುರಿಗೆ ಏನಾದರೂ ಇಡಬೇಕು. ಪಾಪ, ಆ ನೊಣಗಳು ಹೂವಿಂದ ಹೂವಿಗೆ ಅಲೆದು ಸಾಯುತ್ತಿವೆ, ಪೆಟ್ಟಿಗೆಯ ಪಕ್ಕದಲ್ಲೇ ತಯಾರಿ ಊಟ ಸಿಕ್ಕಿದರೆ ಚಿಕ್ಕಮ್ಮನ ಜೇನು ದುಪ್ಪಟ್ಟಾದೀತು, ಡಾಕ್ಟ್ರಮ್ಮ ಖುಷಿಯಾದಾರು ಎಂದು ನೀರಿನ ಟ್ಯಾಂಕಿನ ಹಿಂದೆ ಒಂದು ಅಗಲ ತಟ್ಟೆಯಿಟ್ಟು ಪಾಕ ಸುರಿದೆ. ಕೆಲಸದಿಂದ ಬಂದ ಬೆಳಗ್ಗೆಗಳಲ್ಲೆಲ್ಲ ಸುರಿದೆ, ಕ್ಯಾನು ಮುಗಿಯುವ ತನಕ. ಒಂದು ದಿನ ತಟ್ಟೆಯ ಅಂಚಿನಲ್ಲಿ ಕೊಕ್ಕು ಕೆಂಪು ಮಾಡಿಕೊಂಡ ಕಾಗೆ ಕೂತಿತ್ತು. ಇಷ್ಟು ದಿನ ಕಾಗೆಗಳಿಗೆ ಶರಬತ್ತು ಹಂಚಿದೆನಲ್ಲ ಎಂದು ಬೇಸರವಾಗಿ ತಟ್ಟೆಯನ್ನು ಕೆಳಗೆ ತಂದಿಟ್ಟೆ. ಮರೆತೂ ಬಿಟ್ಟೆ.

ಏಪ್ರಿಲ್ ಕೊನೆಗೆ ಜೇನು ತೆಗೆದರು. ಎರಿಯ ಮೇಲಿನ ಮೇಣದ ಮುಚ್ಚಳವನ್ನು ಚಿಕ್ಕಮ್ಮ ಚಾಕುವಿನಿಂದ ಸವರಿ, ಎರಿಗಳನ್ನು ಡ್ರಮ್ಮಿನೊಳಗೆ ನಿಲ್ಲಿಸಿ ಹಿಡಿಕೆ ತಿರುಗಿಸಿದಳು. ನಾನು ಕೆಳಗಿನ ನಲ್ಲಿಗೆ ಪಾತ್ರೆ ಹಿಡಿದಿದ್ದೆ. ಬಂದದ್ದು ಗುಲಾಬಿ. ಬೀಟ್‌ರೂಟು ತೊಳೆದ ನೀರಿಗೆ ಬೆಲ್ಲದ ಪಾಕದ ಮಂದ ಬಂದಂತೆ. ಡ್ರಮ್ಮಿನಲ್ಲಿದ್ದದ್ದು ಎಲ್ಲ ಪೆಟ್ಟಿಗೆಗಳ ಎರಿ, ಎಲ್ಲದರ ಜೇನೂ ಬೆರೆತೇ ಬಂದಿತ್ತು. ಚಿಕ್ಕಮ್ಮ ಹಿಡಿಕೆ ಬಿಟ್ಟಳು. ಡ್ರಮ್ಮು ತಾನೇ ಸ್ವಲ್ಪ ತಿರುಗಿ ನಿಂತಿತು.

ಯಾರೂ ನಾಲಿಗೆಗೆ ಹಚ್ಚಲಿಲ್ಲ. ಬೇರೆ ಊರಿನವರಾಗಿದ್ದರೆ ಮೊದಲು ಬೆರಳು ಅದ್ದುತ್ತಿದ್ದರು. ನಾವು ಎಂಐಡಿಸಿಯ ಪಕ್ಕದವರು. ಚರಂಡಿಯಲ್ಲಿ ಇಂದು ಹಸಿರು ಹರಿದರೆ ನಾಳೆ ನೇರಳೆ ಹರಿಯುವುದನ್ನು ನೋಡಿ ಬೆಳೆದವರು. ಬಣ್ಣ ಕಂಡರೆ ಮೂಗು ಮುಚ್ಚಿ ಸರಿಯುವುದು ನಮಗೆ ಅಭ್ಯಾಸ. ನೊಣಗಳು ಯಾವುದೋ ಕಾರ್ಖಾನೆಯ ಹೊಂಡದಿಂದ ಕುಡಿದು ಬಂದಿವೆ ಎಂದು ಅಲ್ಲೇ ನಿಂತಲ್ಲೇ ತೀರ್ಮಾನವಾಯಿತು. ಆಮೇಲೆ, ಯಾವ ಹೊಂಡ, ಯಾರ ಕೈ ಎಂಬ ಪ್ರಶ್ನೆ ಎದ್ದಿತು.

ಆದರೂ ಒಂದು ಬಾಟಲಿ ಹಿಡಿದು ಖಾರಘರಕ್ಕೆ ಹೋದೆ. ಸುಳ್ಳು ಹೇಳಿ ಮಾರುವುದು ಬೇಡ, ಇದ್ದದ್ದನ್ನು ತೋರಿಸಿ ಬಾ ಎಂದಿದ್ದಳು ಚಿಕ್ಕಮ್ಮ. ಠಾಣೆಯಲ್ಲಿ ಗಾಡಿ ಬದಲಿಸಿ ಪನ್ವೇಲ್ ಲೋಕಲ್ ಹಿಡಿದು ಕೂತರೆ ಎದುರಿನವನು ಬಾಟಲಿ ನೋಡಿ, ಕೆಮ್ಮಿನ ಔಷಧವಾ ಎಂದು ಹಿಂದಿಯಲ್ಲಿ ಕೇಳಿದ. ಹೌದು ಎಂದೆ, ಕೆಮ್ಮಿಯೂ ತೋರಿಸಿದೆ. ಅವನು ಸೀಟು ಬದಲಿಸಿದ. ಡಾಕ್ಟ್ರಮ್ಮ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮುಚ್ಚಳ ತೆಗೆದು ಮೂಸಿ, ಮತ್ತೆ ಮುಚ್ಚಿ ನನ್ನ ಕಡೆ ತಳ್ಳಿದರು.

“ಇದರಾಗ ಏನ ಬಿದ್ದದ ಅಂತ ಮೊದಲ ಹೇಳ್ರಿ. ಹೇಳೂತನಕಾ ನಾ ಮುಟ್ಟಂಗಿಲ್ಲ.”

ತಿರುಗಿ ಬಂದು ನಾನು ಇದನ್ನು ಡಾಕ್ಟ್ರಮ್ಮನ ದನಿಯಲ್ಲೇ ಹೇಳಿದ್ದು ಚಿಕ್ಕಮ್ಮನಿಗೆ ಸೇರಲಿಲ್ಲ.

ಅಲ್ಲಿಂದ ಮನೆ ಪೊಲೀಸ್ ಚೌಕಿಯಾಯಿತು. ಮೊದಲು ಸಿಕ್ಕಿಬಿದ್ದವನು ಚಿಕ್ಕಪ್ಪ. ಆ ವಾರ ಅವನ ಉಗುರು ಗುಲಾಬಿಯಿತ್ತು, ಅದು ಸಾಕಾಯಿತು. ಕಾರ್ಖಾನೆಯ ಅಂಗಿ ಪ್ಯಾಂಟನ್ನು ಅವನು ಟೆರೇಸಿನ ನಲ್ಲಿಯಲ್ಲೇ ಹಿಂಡುತ್ತಿದ್ದ. ಆ ನೀರು ಹರಿದು ಪೆಟ್ಟಿಗೆಯ ಕಾಲಿನ ಬಟ್ಟಲಿಗೆ ಸೇರಿರಬೇಕು, ನೊಣಗಳು ಕುಡಿದಿರಬೇಕು. ಚಿಕ್ಕಮ್ಮ ಅವನಿಗೆ ಟೆರೇಸು ಹತ್ತಬೇಡ ಎಂದಳು. ಹತ್ತಲಿಲ್ಲ. ಕೈಯನ್ನು ಸೋಪು, ನಿಂಬೆ, ಬ್ಲೀಚಿನಲ್ಲಿ ತಿಕ್ಕಿ ತಿಕ್ಕಿ ಚರ್ಮ ಕಿತ್ತುಕೊಂಡ. ನಾನು ಬಚ್ಚಲಿನ ಬಾಗಿಲಲ್ಲಿ ನಿಂತು ಅವನು ತಿಕ್ಕುವ ಸದ್ದನ್ನೇ ಬಾಯಲ್ಲಿ ಮಾಡಿದಾಗ ಅವನು ಬೈಯದೆ, “ನಾನು ಬಣ್ಣ ಮಾಡುವವ ಮಾರಾಯ, ಬಣ್ಣ ಹಾಕುವವ ಅಲ್ಲ” ಎಂದ. ನಾನು ಅದನ್ನೂ ನೆನಪಿಟ್ಟುಕೊಂಡು ಎರಡು ಕಡೆ ಹೇಳಿ ನಗಿಸಿದೆ.

ಮುಂದಿನ ಸರದಿ ಸೊಸೈಟಿಯ ಸೆಕ್ರೆಟರಿ ಕಾಕಾನದು. ಟೆರೇಸಿನ ಬೀಗದ ಕೈ ಅವರ ಹತ್ತಿರವೂ ಒಂದಿತ್ತು. ಪೆಟ್ಟಿಗೆ ಬಂದಂದಿನಿಂದ ಅವರಿಗೆ ಕಿರಿಕಿರಿ. ಮೆಟ್ಟಿಲಿನಲ್ಲಿ ಅಡ್ಡ ಹಾಕಿ ನಾನು ಸುಳಿವು ಹಿಡಿಯುವವನ ಹಾಗೆ ಅದೂ ಇದೂ ಕೇಳಿದರೆ ಕಾಕಾ ಮರಾಠಿಯಲ್ಲಿ, ಟೆರೇಸು ಸೊಸೈಟಿಯದು, ಯಾರದೋ ನೊಣಗಳದ್ದಲ್ಲ ಎಂದರು. ಬೇಕಾದರೆ ಅರ್ಜಿ ಬರೆದು ಎತ್ತಿಸುತ್ತೇನೆ, ಕಳ್ಳತನದಲ್ಲಿ ಬಣ್ಣ ಸುರಿಯುವಂಥ ಗತಿ ನನಗೆ ಬಂದಿಲ್ಲ ಎಂದೂ ಸೇರಿಸಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಅರ್ಜಿ ಬರೆಯುವುದೆಂದರೆ ಅವರಿಗೆ ಪಂಚಪ್ರಾಣ.

ಉಳಿದವರು ಅಪ್ಪ. ಈ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಜೇನು ಕೆಟ್ಟರೆ ಚಿಕ್ಕಮ್ಮ ಅಡುಗೆಮನೆಗೆ ವಾಪಸು. ಹಾಗಾಗಿ ಜೇನು ಕೆಡುವುದರಿಂದ ಲಾಭವಿದ್ದದ್ದು ಅಪ್ಪನಿಗೊಬ್ಬರಿಗೇ. ಹೋಟೆಲಿನಲ್ಲಿ ಜಿಲೇಬಿಗೆ, ಶೀರಾಕ್ಕೆ ಹಾಕುವ ಬಣ್ಣದ ಡಬ್ಬಿಗಳೂ ಇದ್ದವು. ಚಿಕ್ಕಮ್ಮ ಬೆಳಗ್ಗೆ ಕೆಳಗಿನಿಂದ ತನಗೆಂದು ಬರುತ್ತಿದ್ದ ಚಾದ ಕಿಟ್ಲಿಯನ್ನು ಮುಟ್ಟದೆ ತಿರುಗಿ ಕಳಿಸತೊಡಗಿದಳು. ಮನೆಯಲ್ಲೇ ಚಾ ಮಾಡಿಕೊಂಡಳು. ಹೋಟೆಲಿನವರ ಮನೆಯಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ತಿರುಗಿ ಬಂದ ಕಿಟ್ಲಿಯನ್ನು ಅಪ್ಪ ಗಲ್ಲಾದ ಪಕ್ಕದಲ್ಲೇ ಇರಿಸಿಕೊಂಡು, ಆರುವ ತನಕ ನೋಡಿ, ಮೋರಿಗೆ ಸುರಿಸುತ್ತಿದ್ದರು. ಅವಳು ತಮ್ಮ ಮೇಲೇ ಸಂಶಯಪಡುತ್ತಾಳೆ ಎಂದು ಅಪ್ಪನಿಗೂ ಸಂಶಯ ಬಂತು. ಮಧ್ಯಾಹ್ನದ ಬಿಸಿಲಿನಲ್ಲಿ ಚಿಕ್ಕಮ್ಮ ಕೊಡೆ ಹಿಡಿದು ಪೆಟ್ಟಿಗೆಗಳ ಕಾವಲಿಗೆ ಕೂರುತ್ತಿದ್ದಳು. ಯಾರು ಮೇಲೆ ಹೋದರೂ ಕೈ ತೋರಿಸು ಎನ್ನುತ್ತಿದ್ದಳು. ನನ್ನ ಕೈ ಮಾತ್ರ ನೋಡುತ್ತಿರಲಿಲ್ಲ. ಒಂದು ಕೆಲಸವನ್ನೂ ನೆಟ್ಟಗೆ ಮಾಡದವನು ಈ ಕೆಲಸ ಮಾಡಿಯಾನೇ ಎಂಬ ಅವಳ ನಂಬಿಕೆಯಿಂದ ನನಗೆ ಒಳಗೊಳಗೇ ಅವಮಾನವಾಗುತ್ತಿತ್ತು.

ಡಾಕ್ಟ್ರಮ್ಮ ಎಷ್ಟು ದಿನ ಕಾದಾರು? ಒಂದು ಭಾನುವಾರ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಬಿಡುವಿನಲ್ಲಿ ಜೇನಿನ ವಿಷಯ ಇತ್ಯರ್ಥ ಮಾಡಲು ಅಪ್ಪ ಚಿಕ್ಕಪ್ಪನ ಮನೆಗೆ ಬಂದರು. ಬಂದು ಕುರ್ಚಿಯ ತುದಿಯಲ್ಲಿ ಕೂತರು. ಮೇಜಿನ ಮೇಲೆ ಖಾರಘರ ನೋಡಿ ಬಂದ ಬಾಟಲಿ. ಚಿಕ್ಕಪ್ಪ ಕೈಗಳನ್ನು ಲುಂಗಿಯ ಮಡಿಕೆಯಲ್ಲಿ ಮುಚ್ಚಿಕೊಂಡಿದ್ದ. ಚಿಕ್ಕಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಭಾವನ ಎದುರು ಕೂತು ಮಾತಾಡುವ ರೂಢಿ ಅವಳಿಗಿರಲಿಲ್ಲ, ಬೇಕಾದದ್ದನ್ನು ಗಂಡನ ಮೂಲಕವೇ ಹೇಳಿಸುತ್ತಿದ್ದಳು. ಫ್ಯಾನು ತಿರುಗುತ್ತಿತ್ತು.

ಮೌನ ಕಂಡರೆ ನನಗೆ ತುರಿಕೆ. ಎದ್ದು ನಿಂತು ಅಪ್ಪನಾದೆ. ಹೋಟೆಲಿನಲ್ಲಿ ಅಪ್ಪ ರುಚಿ ನೋಡುವುದನ್ನು ನಾನು ಎಷ್ಟೋ ಸಲ ಮಾಡಿ ತೋರಿಸಿದವನು: ಅಂಗೈಗೆ ಒಂದು ತೊಟ್ಟು, ಒಂದು ಕಣ್ಣು ಮುಚ್ಚುವುದು, ನೆಕ್ಕುವುದು, ಆಮೇಲೆ ಉತ್ತರ ಫ್ಯಾನಿನಲ್ಲಿ ಬರೆದಿದೆಯೇನೋ ಎಂಬಂತೆ ಮೇಲೆ ನೋಡುವುದು. ಬಾಟಲಿ ಓರೆ ಮಾಡಿ ಅಂಗೈಗೆ ಬಿಟ್ಟುಕೊಂಡೆ. ಸುಮ್ಮನೆ ನಟಿಸುವುದೆಂದೇ ಇತ್ತು. ಆದರೆ ಅಪ್ಪನನ್ನು ಮಾಡುವಾಗ ನಾಲಿಗೆ ತಾನಾಗಿ ಹೊರಗೆ ಬರುತ್ತದೆ. ಚಿಕ್ಕಪ್ಪ, ಏಯ್, ಅದು ಕೆಮಿಕಲ್ಲು ಎನ್ನುವಷ್ಟರಲ್ಲಿ ನೆಕ್ಕಿಯಾಗಿತ್ತು.

ಮೊದಲು ಸಿಹಿ. ಅದರ ಹಿಂದೆಯೇ, ಹಲ್ಲಿನ ಬುಡದಲ್ಲಿ, ಹುಟ್ಟಿದಾಗಿನಿಂದ ಗೊತ್ತಿದ್ದ ಹುಳಿ. ಫ್ಯಾನು ನೋಡುತ್ತಿದ್ದ ನನಗೆ ಅಲ್ಲಿ ಕಾಗೆ ಕಂಡಿತು, ತಟ್ಟೆ ಕಂಡಿತು, ಕ್ಯಾನು ಕಂಡಿತು. ಬಾಯಿ ಮಾತ್ರ ಇನ್ನೂ ಅಪ್ಪನ ದನಿಯಲ್ಲೇ ಇತ್ತು.

“ಪುನರ್ಪುಳಿ” ಎಂದಿತು ಅದು. “ಸಕ್ಕರೆ ಜಾಸ್ತಿಯಾಗಿದೆ.”

ಯಾರೂ ನಗಲಿಲ್ಲ. ಅಪ್ಪ ಎದ್ದು ಬಂದು ಅಂಗೈ ಒಡ್ಡಿದರು. ನೆಕ್ಕಿದರು, ಮೇಲೆ ನೋಡಿದರು, ನಿಧಾನಕ್ಕೆ ನನ್ನ ಕಡೆ ತಿರುಗಿದರು. ಕ್ಯಾನನ್ನು ಯಾರ ಕೈಗೆ ಕೊಟ್ಟಿದ್ದರೆಂದು ಅವರಿಗೆ ನೆನಪಿತ್ತು. ಅವರು ಕೇಳುವ ಮೊದಲೇ ನಾನು ತಟ್ಟೆಯ ವಿಷಯವನ್ನೆಲ್ಲ ಹೇಳಿದೆ. ಯಾರ ದನಿಯಲ್ಲಿ ಹೇಳಿದೆನೋ ತಿಳಿಯದು, ಕೇಳಲು ಅದು ಬಹಳ ತೆಳ್ಳಗಿತ್ತು. ಚಿಕ್ಕಪ್ಪ ಲುಂಗಿಯಿಂದ ಕೈ ಹೊರಗೆ ತೆಗೆದು ತನ್ನ ಉಗುರುಗಳನ್ನು ತಾನೇ ಒಮ್ಮೆ ನೋಡಿಕೊಂಡ. ಚಿಕ್ಕಮ್ಮ ಬಾಗಿಲು ಬಿಟ್ಟು ಬಂದು ಬಾಟಲಿಯಿಂದ ಒಂದು ತೊಟ್ಟು ತೆಗೆದು ಬಾಯಿಗಿಟ್ಟುಕೊಂಡಳು. ಅವಳಿಂದ ಬೈಗುಳ ಬೀಳಲಿ ಎಂದು ನಾನು ತಲೆ ತಗ್ಗಿಸಿ ಕಾದೆ. ಅವಳು ಮೊಬೈಲು ಎತ್ತಿಕೊಂಡು ಎಲ್ಲರ ಎದುರಿಗೇ ಡಾಕ್ಟ್ರಮ್ಮನಿಗೆ ಫೋನು ಹಚ್ಚಿದಳು.

ಮುಚ್ಚುಮರೆ ಮಾಡಲಿಲ್ಲ. ನೊಣಗಳಿಗೆ ನಮ್ಮ ಮನೆಯ ಹುಡುಗ ಶರಬತ್ತಿನ ಪಾಕ ಇಟ್ಟಿದ್ದ, ಬಣ್ಣ ಅದರದ್ದು, ವಿಷವಲ್ಲ, ಆದರೆ ಇದನ್ನು ಜೇನೆಂದು ನಿಮಗೆ ಕೊಡಲಾರೆ ಎಂದಳು. ಆ ಕಡೆಯಿಂದ ಡಾಕ್ಟ್ರಮ್ಮ ಹೇಳಿದ್ದು ನಮಗೂ ಕೇಳಿಸುತ್ತಿತ್ತು. ನಿಜ ಹೇಳಿದ್ದು ಚಲೋ ಆಯಿತು, ಈ ವರ್ಷ ಬೇರೆ ಕಡೆ ನೋಡಿಕೊಳ್ಳುತ್ತೇನೆ, ಮುಂದಿನ ವರ್ಷ ನೋಡೋಣ ಎಂದು ಫೋನು ಇಟ್ಟರು. ಚಿಕ್ಕಮ್ಮ ಗುಲಾಬಿ ಜೇನನ್ನು ಮಾರುವುದಿಲ್ಲ, ಮಳೆಗಾಲದಲ್ಲಿ ಸಕ್ಕರೆಯ ಬದಲು ನೊಣಗಳಿಗೇ ತಿರುಗಿ ಕೊಡುತ್ತೇನೆ ಎಂದು ಗಂಡನಿಗೆ ಹೇಳಿದಳು. ಹೇಳಿದ್ದು ಗಂಡನಿಗೆ, ಕೇಳಬೇಕಾದವರು ಅಪ್ಪ.

ಅಪ್ಪ ಕೇಳಿಸಿಕೊಂಡರು. ತಮ್ಮ ಮೇಲಿನ ಸಂಶಯ ತೊಳೆದುಹೋದದ್ದು ಅವರ ಕೂರುವಿಕೆಯಲ್ಲೇ ಗೊತ್ತಾಗುತ್ತಿತ್ತು. ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಪೂರ್ತಿ ಒರಗಿದ್ದರು. ಅವರೂ ತಮ್ಮನ ಕಡೆ ನೋಡಿಯೇ ಮಾತಾಡಿದರು. ಯಾರು ಮಾಡಿದ್ದಾದರೂ ಆದದ್ದು ಆಯಿತು, ಜೇನು ಮಾರಿಹೋಗಲಿಲ್ಲ, ಮಾತು ಮಾತೇ. ಒಂದು ಸಲ ಕಲಬೆರಕೆ ಎಂದು ಹೆಸರು ಬಿದ್ದ ಮೇಲೆ ಈ ಊರಿನಲ್ಲಿ ಅದು ಅಳಿಯುವುದಿಲ್ಲ, ಹೋಟೆಲಿನ ಹೆಸರಿಗೂ ತಾಗುತ್ತದೆ. ಶಹಾಡ್ ಕಡೆ ತೋಟವಿರುವ ಒಬ್ಬರು ಪೆಟ್ಟಿಗೆ ಕೇಳುತ್ತಿದ್ದಾರೆ, ಕೊಟ್ಟುಬಿಡುವುದು ಒಳ್ಳೆಯದು. ನಾಳೆಯಿಂದ ಮಧ್ಯಾಹ್ನದ ಮೇಲೂ ಅವಳು ಕೆಳಗೆ ಬರಲಿ.

ಚಿಕ್ಕಪ್ಪ ಹೆಂಡತಿಯ ಕಡೆ ತಿರುಗಿದ, ಮಾತನ್ನು ಅತ್ತ ದಾಟಿಸಲು. ಅವಳು ಅವನನ್ನು ನೋಡಲಿಲ್ಲ. ಮದುವೆಯಾಗಿ ಅಷ್ಟು ವರ್ಷಕ್ಕೆ ಮೊದಲ ಸಲ ನೇರ ಅಪ್ಪನನ್ನೇ ನೋಡಿ, ದನಿ ಏರಿಸದೆ, ಬಾಟಲಿಯ ಮುಚ್ಚಳ ತಿರುಗಿಸುತ್ತ ಕೇಳಿದಳು:

“ಸಾಂಬಾರಿಗೆ ಜಿರಳೆ ಬಿದ್ದ ದಿವಸ ನೀವು ಸಾಂಬಾರು ಚೆಲ್ಲಿದ್ದಾ ಭಾವ, ಹೋಟೆಲು ಮಾರಿದ್ದಾ?”